ಫೋನಿನ ನೋಟ್ಸ್: ಯಾವುದು ಇರಲಿ, ಯಾವುದು ಹೋಗಲಿ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 2014ರಿಂದ ಗೂಗಲ್ ಕೀಪ್‌ನಲ್ಲಿ ಬರೆದಿಟ್ಟ ನೋಟ್ಸ್ ಈಗ ಎರಡು ಸಾವಿರ ದಾಟಿವೆ. ಅಮ್ಮ ಹೇಳಿದ ಅಡುಗೆ, ಚೀಟಿ ದುಡ್ಡಿನ ಲೆಕ್ಕ, ಪಾಸ್‌ವರ್ಡ್, ದಿನಸಿ ಪಟ್ಟಿ, ಅರ್ಧಕ್ಕೆ ನಿಂತ ಕವಿತೆ, ಎಲ್ಲ ಕಲಸುಮೇಲೋಗರ. ಹಳೇ ಲ್ಯಾಪ್‌ಟಾಪಿನಲ್ಲಿ, ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣಿಸುವ ಫೈಲುಗಳೂ ಇವೆ. ಫೋನಿನಲ್ಲಿ ಜಾಗ ಇಲ್ಲ ಅಂತ ಬರುತ್ತಿದೆ. ಒಂದು ಭಾನುವಾರ ಕೂತು ಎಲ್ಲ ಅಳಿಸಿಬಿಡಲೇ?
ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ ಮೇಡಂ. ಮೊದಲು ಜಾಗದ ವಿಷಯ ಮುಗಿಸೋಣ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಒಂದು ನೋಟ್‌ನಲ್ಲಿ ಸಾವಿರ ಚಿಹ್ನೆ ಇದ್ದರೂ 3 ಕೆಬಿ. ಎರಡು ಸಾವಿರ ನೋಟ್ಸ್ ಸೇರಿದರೂ 6 ಎಂಬಿ ಆಸುಪಾಸು. ಮದುವೆ ಮನೆಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಿನ್ನುತ್ತದೆ. ಅಳಿಸುವುದಿದ್ದರೆ ಅದನ್ನು ಅಳಿಸಿ.

ಹಾಗಾದರೆ ನೋಟ್ಸ್ ಯಾಕೆ ಅಳಿಸಬೇಕು? ಬೇಕಾದದ್ದು ಕೈಗೆ ಸಿಗಲಿ ಅಂತ, ಅಷ್ಟೆ. ನಾನು ಪ್ರತಿ ನೋಟ್‌ಗೂ ಕೇಳುವುದು ಒಂದೇ ಪ್ರಶ್ನೆ: ಇದು ಹೋದರೆ ಬೇರೆ ಎಲ್ಲಾದರೂ ಸಿಗುತ್ತದಾ?

ಈ ಪ್ರಶ್ನೆ ಕಲಿತದ್ದು ಪೆಟ್ಟು ತಿಂದು. ಅಪ್ಪ ಇದ್ದಾಗ ನಮ್ಮ ಗದ್ದೆಯ ವಿವರ ಬರೆದುಕೊಂಡಿದ್ದೆ. ಮೇಲೆ ಸರ್ವೆ ನಂಬರು, ಕೆಳಗೆ ಚಕ್ಕುಬಂದಿ: ಯಾವ ಬೇವಿನ ಮರದವರೆಗೆ ನಮ್ಮದು, ಬದುವಿನ ಯಾವ ಕಲ್ಲು ಆಮೇಲೆ ನೆಟ್ಟಿದ್ದು. ಪಹಣಿ ‘ಭೂಮಿ’ ವೆಬ್‌ಸೈಟಿನಲ್ಲೇ ಸಿಗುತ್ತದಲ್ಲ ಅಂತ ಒಂದಿನ ಅಳಿಸಿಬಿಟ್ಟೆ. ಸರ್ವೆ ನಂಬರು ಈಗಲೂ ಸಿಗುತ್ತದೆ. ಆ ಕಲ್ಲಿನ ಕಥೆ ಹೇಳೋರು ಯಾರೂ ಉಳಿದಿಲ್ಲ.

ನಿಮ್ಮ ಅಮ್ಮನ ಅಡುಗೆಯನ್ನೂ ಹೀಗೇ ನೋಡಿ. ಎಲ್ಲಿಂದಲೋ ನಕಲು ಮಾಡಿಟ್ಟ ಪನೀರ್ ಬಟರ್ ಮಸಾಲ ಹೋಗಲಿ, ನಾಳೆ ಹುಡುಕಿದರೆ ನೂರು ಸಿಗುತ್ತವೆ. ‘ಶೇಂಗಾ ಸಿಪ್ಪೆ ಕೈಯಲ್ಲಿ ಉಜ್ಜಿದ್ರೆ ಬಿಡಬೇಕು, ಅಲ್ಲೀತನ ಹುರಿ’ ಅಂತ ಅಮ್ಮ ಹೇಳಿದ ಮಾತು ಇದ್ದರೆ ಅದು ಇರಲಿ. ಅದನ್ನು ಗ್ರಾಂ, ನಿಮಿಷ ಅಂತ ತಿದ್ದಲೂ ಹೋಗಬೇಡಿ. ಅರ್ಧ ಕವಿತೆಯೂ ಇರಲಿ. ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಇನ್ನೊಂದು ದಿನದ ಮಾತು.

ದಿನಸಿ ಪಟ್ಟಿ, ಹಳೇ ಪಿಎನ್‌ಆರ್, ಮಾಲ್‌ನಲ್ಲಿ ಗಾಡಿ ನಿಲ್ಲಿಸಿದ ಕಂಬದ ನಂಬರು, ಇವಕ್ಕೆಲ್ಲ ಯೋಚನೆಯೇ ಬೇಡ. ಚೀಟಿ ಲೆಕ್ಕ ಮಾತ್ರ ಚೀಟಿ ಮುಗಿದು, ದುಡ್ಡು ಕೈಗೆ ಬಂದು, ಯಾರದೂ ಬಾಕಿ ಇಲ್ಲ ಅಂತ ಆದಮೇಲೆ.

ಪಾಸ್‌ವರ್ಡ್ ಮತ್ತು ಎಟಿಎಂ ಪಿನ್ ಇವತ್ತೇ ತೆಗೆಯಿರಿ. ತೆರೆದಿಟ್ಟ ಫೋನು ಯಾರ ಕೈಗೆ ಸಿಕ್ಕರೂ ಕೀಪ್‌ನಲ್ಲಿ ಹುಡುಕುವುದು ಒಂದು ಕ್ಷಣದ ಕೆಲಸ. ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಆಪ್, ಅಂದರೆ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹಾಕಿ, ಅಲ್ಲಿಂದ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ಅಳಿಸಿ. ಕೀಪ್‌ನ ಕಸದಬುಟ್ಟಿಯಲ್ಲಿ ಅದು 7 ದಿನ ಹಾಗೇ ಇರುತ್ತದೆ. ಇಂಥದ್ದಕ್ಕೆ ಬುಟ್ಟಿಯನ್ನೂ ಆಗಲೇ ಖಾಲಿ ಮಾಡಿ.

ಇನ್ನು ಆ ಚಿತ್ರವಿಚಿತ್ರ ಅಕ್ಷರದ ಫೈಲುಗಳು. ಅವು ಹಾಳಾಗಿವೆ ಅಂದುಕೊಂಡು ಜನ ಎಸೆಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಹುಪಾಲು ಅವು ಯೂನಿಕೋಡ್‌ಗೆ (ಈಗ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಬಳಸುವ ಒಂದೇ ಅಕ್ಷರಸಂಕೇತ) ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದವು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪಬಹುದು, ಒಮ್ಮೆ ಓದಿ ಸರಿಮಾಡಿ. ಓದಿ ನೋಡದೆ ಒಂದನ್ನೂ ಅಳಿಸಬೇಡಿ.

ಇನ್ನೊಂದು ತೊಂದರೆ ನಿಮಗೂ ಇರಲೇಬೇಕು. 2014ರ ಸುಮಾರಿಗೆ ನಮ್ಮಲ್ಲಿ ಬಹಳ ಜನ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು, ಅಲ್ವಾ? ಹಾಗೆ ಬರೆದರೆ ಹಾಲೂ ಹಾಳೂ ಒಂದೇ. ಈಗ ಕನ್ನಡ ಲಿಪಿಯಲ್ಲಿ ‘ಉಪ್ಪಿನಕಾಯಿ’ ಅಂತ ಹುಡುಕಿದರೆ ಆ ಹಳೇ ನೋಟ್ ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ಉಳಿಸಿಕೊಳ್ಳುವ ನೋಟ್ ತೆರೆದಾಗ ತಲೆಬರಹದಲ್ಲಿ ಕನ್ನಡ ಲಿಪಿಯಲ್ಲಿ ಎರಡು ಪದ ಸೇರಿಸಿ: ‘ಅಮ್ಮ, ಉಪ್ಪಿನಕಾಯಿ’. ನನ್ನ ಅನುಭವದಲ್ಲಿ ಫೋಲ್ಡರು, ಬಣ್ಣ, ಲೇಬಲ್ಲು ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ.

‘ಶಾರದಕ್ಕ 4500’ ಅನ್ನುವಂಥವೂ ಸಿಗುತ್ತವೆ. ಕೊಟ್ಟಿದ್ದೋ, ಕೊಡಬೇಕಿದ್ದೋ? ಇಂಥವನ್ನು ಆರ್ಕೈವ್‌ಗೆ ತಳ್ಳಿ. ಕಣ್ಣೆದುರು ಇರುವುದಿಲ್ಲ, ಹುಡುಕಿದರೆ ಸಿಗುತ್ತದೆ.

ಒಂದೇ ಭಾನುವಾರದಲ್ಲಿ ಮುಗಿಸಲು ಹೋಗಬೇಡಿ. ನೂರು ದಾಟಿದ ಮೇಲೆ ತಲೆ ಕೆಟ್ಟು ಎಲ್ಲವೂ ಕಸವಾಗೇ ಕಾಣುತ್ತದೆ. ದಿನಕ್ಕೆ ಮೂವತ್ತು ಸಾಕು. ಶುರು ಮಾಡುವ ಮೊದಲು ಗೂಗಲ್ ಟೇಕ್‌ಔಟ್‌ನಿಂದ (ಗೂಗಲ್‌ನಲ್ಲಿರುವ ನಮ್ಮ ಮಾಹಿತಿಯ ಪ್ರತಿ ತೆಗೆದುಕೊಡುವ ಸೌಲಭ್ಯ) ಇಡೀ ಕೀಪ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮನೆಯವರ ಜೊತೆ ಹಂಚಿಕೊಂಡ ನೋಟ್ ಇದ್ದರೆ ಅವರಿಗೊಂದು ಫೋನು ಮಾಡಿ ಕೇಳಿ. ನೀವು ಶುರು ಮಾಡಿದ ನೋಟನ್ನು ನೀವು ಅಳಿಸಿದರೆ ಅವರ ಫೋನಿನಿಂದಲೂ ಅದು ಹೋಗುತ್ತದೆ.