ಅವರ ರಿಪೋರ್ಟು ನೀವ್ಯಾಕೆ ಮುಗಿಸಬೇಕು?

ಈ ವಾರದ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ, ಪತ್ರದೊಳಗಿರುವ ಒಬ್ಬರ ಮೇಲೆ.

ಬರೆದವರು 32 ವರ್ಷದ ಮಹಿಳೆ. ಓದಿದ್ದೆಲ್ಲ ಕನ್ನಡ ಮಾಧ್ಯಮ, ಲೆಕ್ಕಪತ್ರದಲ್ಲಿ ಚುರುಕು. ಹೊಸ ಆಫೀಸಿನಲ್ಲಿ ಮಾತು, ಮೇಲ್ ಎಲ್ಲ ಇಂಗ್ಲಿಷು. ಒಂದು ದಿನ ಮೀಟಿಂಗಿನಲ್ಲಿ ಮ್ಯಾನೇಜರ್ "ವುಡ್ ಯು ಮೈಂಡ್ ಟೇಕಿಂಗ್ ದಿಸ್ ಕಾಲ್?" ಎಂದರು. ಇವರು ಖುಷಿಯಿಂದಲೇ "ಯೆಸ್" ಅಂದರು. ಪಕ್ಕದಲ್ಲಿದ್ದ ಸಹೋದ್ಯೋಗಿ ಜೋರಾಗಿ ನಕ್ಕು "ಶಿ ಮೈಂಡ್ಸ್!" ಎಂದ. ಆಮೇಲೆ ಇವರು ಕಳಿಸಿದ್ದ "ಪ್ಲೀಸ್ ಸೆಂಡ್ ದ ಫೈಲ್ ಟುಡೇ ಇಟ್‌ಸೆಲ್ಫ್" ಎಂಬ ಮೆಸೇಜನ್ನು ಗ್ರೂಪಿಗೆ ಹಾಕಿ, ಕೆಳಗೆ "ಯೆಸ್ ಬಾಸ್" ಎಂದು ಬರೆದ. ಅಂದಿನಿಂದ ಇವರಿಗೆ ಯಾರನ್ನಾದರೂ ಏನಾದರೂ ಕೇಳಬೇಕೆಂದರೆ ಗಂಟಲು ಕಟ್ಟುತ್ತದೆ. ಆರು ತಿಂಗಳ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲೇ, ಇಲ್ಲಾ ಕೆಲಸವನ್ನೇ ಬಿಡಲೇ ಎಂಬುದು ಪ್ರಶ್ನೆ.

ಪತ್ರದ ಕೊನೆಗೆ ಒಂದು ಸಾಲಿದೆ. "ಸಂಜೆ ಅವರ ರಿಪೋರ್ಟನ್ನೂ ನಾನೇ ಮುಗಿಸಿಕೊಡುತ್ತೇನೆ, ಆಗಲ್ಲ ಅನ್ನೋಕೆ ಬರಲ್ಲ, ಅದು ಬಿಡಿ."

ಹೇಗೆ ಬಿಡಲಿ? "ಅವರು" ಅಂದರೆ ಯಾರು ಎಂದು ಪತ್ರವನ್ನು ಮತ್ತೆ ಮೇಲಿನಿಂದ ಓದಿದೆ. ಅದೇ ವ್ಯಕ್ತಿ. ಹಗಲು ನಿಮ್ಮ ಇಂಗ್ಲಿಷಿಗೆ ನಗುವವನು ಸಂಜೆ "ಕ್ಯಾನ್ ಯು ಜಸ್ಟ್ ಫಿನಿಶ್ ದಿಸ್ ಫಾರ್ ಮಿ?" ಎಂದು ಕೆಲಸ ನಿಮ್ಮ ಮೇಜಿನ ಮೇಲಿಟ್ಟು ಹೊರಡುತ್ತಾನೆ. ನೀವು ಮುಗಿಸಿ ಏಳುವ ಹೊತ್ತಿಗೆ ಒಂಬತ್ತು ಗಂಟೆ. ಇದನ್ನು ನೀವು ಅರ್ಧ ಸಾಲಿನಲ್ಲಿ ಹೇಳಿದ್ದೀರಿ, ಕೋರ್ಸಿನ ಬಗ್ಗೆ ಒಂದು ಪುಟ ಬರೆದಿದ್ದೀರಿ!

ಮೊದಲು ಆ "ಯೆಸ್" ವಿಷಯ ಮುಗಿಸೋಣ. "ವುಡ್ ಯು ಮೈಂಡ್" ಎಂದರೆ "ನಿಮಗೇನಾದರೂ ತೊಂದರೆಯಾ" ಎಂದು ಕೇಳಿದ ಹಾಗೆ. ಹಾಗಾಗಿ ಒಪ್ಪಿಗೆ ಇದ್ದರೆ "ನೋ, ನಾಟ್ ಅಟ್ ಆಲ್" ಅನ್ನುತ್ತಾರೆ. ಲೆಕ್ಕ ಇಷ್ಟೇ. ಆದರೆ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ಕೂಡ ಇದಕ್ಕೆ "ಯೆಸ್, ಶ್ಯೂರ್" ಎಂದು ಒಪ್ಪಿಕೊಳ್ಳುವುದುಂಟು. ದನಿಯಿಂದಲೇ ಅರ್ಥವಾಗುತ್ತದೆ. ನಿಮ್ಮ ಮ್ಯಾನೇಜರಿಗೂ ಅರ್ಥವಾಗಿತ್ತು, ನಕ್ಕವನಿಗೂ ಅರ್ಥವಾಗಿತ್ತು. ಇನ್ನು ಮುಂದೆ ಗೊಂದಲವೇ ಬೇಡ ಅಂದರೆ ಬರೀ "ಶ್ಯೂರ್" ಅನ್ನಿ. ಯಾವ ಕೋರಿಕೆಗೂ ಅದು ಸಲ್ಲುತ್ತದೆ.

ಮೆಸೇಜಿನ ವಿಷಯ ಸ್ವಲ್ಪ ಬೇರೆ. ಅದರಲ್ಲಿ ತಿದ್ದಿಕೊಳ್ಳುವುದು ಇದೆ, ಆದರೆ ನಾಚಿಕೆಪಡುವಂಥದ್ದು ಏನೂ ಇಲ್ಲ. ನಾವು "ಫೈಲ್ ಕಳಿಸಿ" ಎಂದಾಗ ಆ ಕೊನೆಯ "ಸಿ"ಯಲ್ಲೇ ಮರ್ಯಾದೆ ಬಂದುಬಿಡುತ್ತದೆ. "ಕಳಿಸು" ಬೇರೆ, "ಕಳಿಸಿ" ಬೇರೆ. ಇಂಗ್ಲಿಷಿನಲ್ಲೂ ಹಿಂದೆ ನೀನು, ನೀವು ಎಂಬ ಭೇದ ಇತ್ತು. "ದೌ" ಎಂಬ ಏಕವಚನ 17ನೇ ಶತಮಾನದಲ್ಲಿ ಸಾಮಾನ್ಯ ಬಳಕೆಯಿಂದ ಜಾರಿಹೋಯಿತು, ಎಲ್ಲರಿಗೂ "ಯು" ಒಂದೇ ಉಳಿಯಿತು. ಕ್ರಿಯಾಪದದ ತುದಿಯಲ್ಲೂ ಮರ್ಯಾದೆ ತೋರಿಸಲು ದಾರಿಯಿಲ್ಲ. ಹಾಗಾಗಿ ಅವರು ಅಪ್ಪಣೆಯನ್ನು ಪ್ರಶ್ನೆ ಮಾಡಿ ಕೇಳುತ್ತಾರೆ: "ಕುಡ್ ಯು ಸೆಂಡ್ ಮಿ ದ ಫೈಲ್ ಟುಡೇ?" ನಿಮ್ಮ ಸಾಲಿನಲ್ಲಿ "ಪ್ಲೀಸ್" ಇದ್ದರೂ ಅದು ಅಪ್ಪಣೆಯಾಗಿಯೇ ಕೇಳಿಸಿತು, "ಇಟ್‌ಸೆಲ್ಫ್" ಸೇರಿ ಇನ್ನಷ್ಟು ಒತ್ತಾಯವಾಯಿತು. ನೀವು ಬರೆದದ್ದು ಮರ್ಯಾದೆಯಿಂದಲೇ, ಕನ್ನಡದ ಮರ್ಯಾದೆಯಿಂದ.

ಇನ್ನೊಂದು ಮಾತು ಈ ಅಂಕಣದಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ, ಮತ್ತೆ ಹೇಳುತ್ತೇನೆ. ಕೇಳುವಾಗ ಕಾರಣ ಹೇಳಿ. "ಐ ನೀಡ್ ಇಟ್ ಫಾರ್ ದ ಆಡಿಟ್" ಎಂಬ ಪುಟ್ಟ ಸಾಲು ಹತ್ತು "ಪ್ಲೀಸ್"ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಎದುರಿನವರನ್ನು ನೀವು ಯಂತ್ರದಂತೆ ನೋಡುತ್ತಿಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ. "ಕೈಂಡ್ಲಿ ಡು ದ ನೀಡ್‌ಫುಲ್" ಮಾತ್ರ ಬೇಡವೇ ಬೇಡ. ಭಾರತದ ಕಚೇರಿಗಳಲ್ಲಿ ಅದು ಇನ್ನೂ ನಡೆಯುತ್ತದೆ ನಿಜ, ಆದರೆ ಏನು ಮಾಡಬೇಕು ಎಂದೇ ಅದು ಹೇಳುವುದಿಲ್ಲ.

ಹಾಗಂತ ಎಲ್ಲದಕ್ಕೂ ಉದ್ದುದ್ದ ವಿನಯ ಬೇಕಿಲ್ಲ. ಪೆನೆಲಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾತಜ್ಞರು ವಿನಯದ ಮೇಲೇ ಒಂದು ಪುಸ್ತಕ ಬರೆದಿದ್ದಾರೆ, 1987ರಲ್ಲಿ ಬಂದದ್ದು. ಎಷ್ಟು ವಿನಯ ಬೇಕು ಎಂಬುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ ಅನ್ನುತ್ತಾರೆ: ಇಬ್ಬರ ನಡುವಿನ ಸಲಿಗೆ ಎಷ್ಟು, ಅಧಿಕಾರ ಯಾರ ಕೈಯಲ್ಲಿದೆ, ಕೇಳುತ್ತಿರುವುದು ಎಷ್ಟು ದೊಡ್ಡದು. ಪಕ್ಕದವರ ಪೆನ್ನಿಗೆ "ಕ್ಯಾನ್ ಐ ಬಾರೋ ಯುವರ್ ಪೆನ್?" ಸಾಕು. ಪರಿಚಯವಿಲ್ಲದ ಹಿರಿಯ ಅಧಿಕಾರಿಯ ಅರ್ಧ ಗಂಟೆ ಬೇಕಿದ್ದರೆ "ಐ ವಾಸ್ ವಂಡರಿಂಗ್ ಇಫ್ ಯು ಕುಡ್..." ಎಂದು ಶುರು ಮಾಡಿ. ಇದನ್ನೇ ಗೆಳತಿಯ ಪೆನ್ನಿಗೆ ಬಳಸಿದರೆ ನಿಮಗೆ ಏನೋ ಮುನಿಸಿರಬೇಕು ಎಂದು ಅವರಿಗೆ ಅನ್ನಿಸುತ್ತದೆ.

ಈಗ ಆ ವ್ಯಕ್ತಿಯ ವಿಷಯ. ಆತನ ವಾಕ್ಯದಲ್ಲಿ "ಕ್ಯಾನ್ ಯು" ಇದೆ, ಪ್ರಶ್ನೆಯ ಚಿಹ್ನೆಯೂ ಇದೆ. ಆದರೂ ಅದು ವಿನಯ ಅಲ್ಲ. ಕೋರಿಕೆಯನ್ನು ಪ್ರಶ್ನೆಯಾಗಿ ಕೇಳುವುದೇ ಎದುರಿನವರಿಗೆ "ಆಗಲ್ಲ" ಅನ್ನಲು ಜಾಗ ಇರಲಿ ಎಂದು. ಆತ ಆ ಜಾಗ ಬಿಟ್ಟಿಲ್ಲ. ನಾಲ್ಕು ಜನರ ಮುಂದೆ ನಿಮ್ಮ ಬಾಯಿ ಮುಚ್ಚಿಸಿ, ಆಮೇಲೆ ಬಂದು ಸಹಾಯ ಕೇಳಿದರೆ ನೀವು ಏನು ಹೇಳಬಲ್ಲಿರಿ? ಆತನಿಗೆ ಅದು ಗೊತ್ತು ಎಂದೇ ನನ್ನ ಅನುಮಾನ. ಮೀಟಿಂಗಿನಲ್ಲಿ ಸುಮ್ಮನೆ ಕುಳಿತ ನಿಮ್ಮ ಮ್ಯಾನೇಜರನ್ನೂ ನಾನು ಒಪ್ಪುವುದಿಲ್ಲ. "ಪರವಾಗಿಲ್ಲ, ನನಗೆ ಅರ್ಥವಾಯಿತು" ಎಂದು ಅವರು ಒಂದು ಮಾತು ಹೇಳಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು.

ಹಾಗಾದರೆ ಕೋರ್ಸು? ಬೇಡ. ಆಸೆಯಿದ್ದರೆ ಮುಂದೆ ಯಾವಾಗಲಾದರೂ ಸೇರಿ. ಕೆಲಸ ಬಿಡುವ ಮಾತಂತೂ ಸದ್ಯಕ್ಕೆ ತೆಗೆಯಲೇಬೇಡಿ. ಆರು ತಿಂಗಳು ವ್ಯಾಕರಣ ಕಲಿತರೂ ಆ ರಿಪೋರ್ಟು ನಿಮ್ಮ ಮೇಜಿಗೇ ಬರುತ್ತದೆ. ನಾಳೆ ಸಂಜೆ ಮಾಡಬೇಕಾದ ಕೆಲಸ ಒಂದೇ. ಆತ ಬಂದು ಕೇಳಿದಾಗ ಹೀಗೆ ಹೇಳಿ:

"ಐ ಯಾಮ್ ಅಫ್ರೇಡ್ ಐ ಕಾಂಟ್. ಐ ಹ್ಯಾವ್ ಮೈ ಓನ್ ವರ್ಕ್ ಟು ಫಿನಿಶ್."

ಇಲ್ಲಿ "ಅಫ್ರೇಡ್" ಅಂದರೆ ಹೆದರಿಕೆ ಅಲ್ಲ, ಇಲ್ಲ ಅನ್ನುವ ಮುಂಚೆ ಹೇಳುವ ಮೃದುವಾದ ಮಾತು. "ಸಾರಿ" ಸೇರಿಸಬೇಡಿ, ನೀವು ತಪ್ಪು ಮಾಡುತ್ತಿಲ್ಲ. ಬೇರೆ ಯಾರಾದರೂ ನಿಜವಾದ ಕಷ್ಟದಲ್ಲಿ ಕೇಳಿದರೆ "ಕ್ಯಾನ್ ಐ ಹೆಲ್ಪ್ ಯು ಟುಮಾರೋ ಇನ್‌ಸ್ಟೆಡ್?" ಎಂದು ಒಂದು ದಾರಿ ತೋರಿಸುವುದು ಒಳ್ಳೆಯದು. ಆತನಿಗೆ ಮಾತ್ರ ಅದನ್ನು ತೋರಿಸಬೇಡಿ. ಮರುದಿನ ಬೆಳಿಗ್ಗೆಯೇ ಫೈಲ್ ಹಿಡಿದು ಬಂದುಬಿಡುತ್ತಾನೆ.

ಇವತ್ತು ರಾತ್ರಿ ಆ ಎರಡು ವಾಕ್ಯಗಳನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿ. ನಾಳೆ ಆತ "ವೈ?" ಎಂದು ಕೇಳಿದರೆ ಹೊಸ ವಾಕ್ಯ ಹುಡುಕಬೇಡಿ, ಎರಡನೆಯ ವಾಕ್ಯವನ್ನೇ ಇನ್ನೊಮ್ಮೆ ಹೇಳಿ. ಮತ್ತೂ ಫೈಲ್ ಇಟ್ಟು ಹೋದರೆ ಅದನ್ನು ಮುಟ್ಟದೆ ಮನೆಗೆ ಹೊರಡಿ. ಮರುದಿನ ರಿಪೋರ್ಟು ಎಲ್ಲಿ ಎಂದು ಮ್ಯಾನೇಜರ್ ಕೇಳಬೇಕಾದ್ದು ಆತನನ್ನು.