ರೋಮ್: ಟೋಟಲ್ ವಾರ್‌ಗೆ ಯೂರೋಪಾ ಬಾರ್ಬರೋರಮ್ ಮಾಡ್ ಹಾಕಿಕೊಳ್ಳಬಹುದೇ?

ಪ್ರಾಚೀನ ಕಾಲದ ಯುದ್ಧ, ರಾಜ್ಯಭಾರದ ಕಂಪ್ಯೂಟರ್ ಆಟ ‘ರೋಮ್: ಟೋಟಲ್ ವಾರ್’ ಆಡಿ ಆಡಿ ಬೇಸರ ಬಂದಿದೆ, ಅಭಿಮಾನಿಗಳು ಮಾಡಿರುವ ‘ಯೂರೋಪಾ ಬಾರ್ಬರೋರಮ್’ ಎಂಬ ಮಾಡ್ (ಮೂಲ ಆಟವನ್ನು ಬದಲಿಸುವ ಸೇರ್ಪಡೆ) ಹಾಕಿಕೊಂಡರೆ ನಿಜಕ್ಕೂ ಬೇರೆ ಆಟ ಸಿಗುತ್ತದೆಯೇ ಅಂತ ಕೇಳಿದ್ದೀರಿ. ಸಿಗುತ್ತದೆ. ಧೈರ್ಯವಾಗಿ ಹಾಕಿಕೊಳ್ಳಿ. ನಾನು ಆಡಿರುವ ಮಾಡ್‌ಗಳಲ್ಲಿ ಇಷ್ಟು ಶ್ರದ್ಧೆಯಿಂದ ಮಾಡಿದ್ದು ಇನ್ನೊಂದಿಲ್ಲ. ಆದರೆ ಒಂದಷ್ಟು ತಾಳ್ಮೆ ಬೇಕು. ಅದು ಯಾಕೆ ಅಂತ ಹೇಳುತ್ತೇನೆ.

ಯಾವ ಮಾಡ್ ನೋಡಿದರೂ ಹೊಸ ಯೂನಿಟ್ (ಸೈನಿಕರ ತುಕಡಿ) ಎಷ್ಟಿವೆ ಅನ್ನುವುದು ನನಗೆ ಮುಖ್ಯವಲ್ಲ. ಮೊದಲ ಕೆಲವು ಟರ್ನ್‌ಗಳಲ್ಲೇ (ಆಡುವ ಸರದಿಗಳಲ್ಲೇ) ನಾನು ಬೇರೆ ಥರ ಯೋಚನೆ ಮಾಡಬೇಕಾಗುತ್ತದೆಯೇ ಅಂತ ನೋಡುತ್ತೇನೆ. ಗ್ರೀಸ್‌ನ ವಾಯುವ್ಯದಲ್ಲಿದ್ದ ಎಪಿರಸ್ ರಾಜ್ಯ ಆಯ್ದುಕೊಂಡು ಶುರುಮಾಡಿ, ನಿಮಗೇ ಗೊತ್ತಾಗುತ್ತದೆ. ಆಟ ಶುರುವಾಗುವುದು ಕ್ರಿ.ಪೂ. 272ರಲ್ಲಿ. ಎಪಿರಸ್‌ನ ರಾಜ ಪಿರ್ಹಸ್ ಅದಕ್ಕೆ ಸ್ವಲ್ಪ ಮುಂಚೆ ಮ್ಯಾಸಿಡೋನಿಯಾದ ಆಂಟಿಗೊನಸ್‌ನನ್ನು ಸೋಲಿಸಿದ್ದಾನೆ. ಇತ್ತ ಇಟಲಿಯ ಟಾರೆಂಟಮ್‌ನಲ್ಲೂ ಅವನ ಕಾವಲು ಪಡೆ ಇದೆ. ಕೈಯಲ್ಲಿ ಒಳ್ಳೆಯ ಸೈನ್ಯ ಇದೆ, ಆನೆಗಳೂ ಇವೆ. ದುಡ್ಡು ಮಾತ್ರ ಇಲ್ಲ. ಸೈನ್ಯದ ಖರ್ಚೇ ಖಜಾನೆಯನ್ನು ತಿಂದು ಹಾಕುತ್ತದೆ. ಟಾರೆಂಟಮ್ ಉಳಿಸಿಕೊಳ್ಳಲು ಹೋದರೆ ಗ್ರೀಸ್ ಕೈತಪ್ಪಬಹುದು, ಗ್ರೀಸ್ ಹಿಡಿದುಕೊಂಡರೆ ರೋಮನ್ನರು ದಕ್ಷಿಣಕ್ಕೆ ಇಳಿಯುತ್ತಾರೆ. ನಿಜವಾದ ಪಿರ್ಹಸ್ ಅದೇ ವರ್ಷ ಆರ್ಗೋಸ್ ಊರಿನ ಬೀದಿ ಕಾಳಗದಲ್ಲಿ ಸತ್ತ, ಟಾರೆಂಟಮ್ ರೋಮ್ ಪಾಲಾಯಿತು. ಗೆದ್ದೂ ಗೆದ್ದೂ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ ಯಾಕೆ ಅನ್ನುವುದು ಇಲ್ಲಿ ಲೆಕ್ಕದ ಪಟ್ಟಿ ನೋಡಿದಾಗಲೇ ತಿಳಿಯುತ್ತದೆ.

2004ರಲ್ಲಿ ಬಂದ ಮೂಲ ಆಟ ನನಗೆ ಈಗಲೂ ಇಷ್ಟ. ಆದರೆ ಅದರ ಈಜಿಪ್ಟ್ ನೋಡಿ. ಸಾವಿರ ವರ್ಷ ಹಿಂದಿನ ಫೇರೋಗಳ ಕಾಲದ ರಥಗಳು, ಆ ಕಾಲದ್ದೇ ವೇಷ. ಆಗ ಅಲ್ಲಿ ಆಳುತ್ತಿದ್ದವರು ಟಾಲೆಮಿಗಳು, ಮ್ಯಾಸಿಡೋನಿಯಾ ಮೂಲದವರು. ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿ, ಯುದ್ಧ ಬಂದಾಗ ಉದ್ದ ಈಟಿ ಹಿಡಿಸಿ ಕರೆಯುತ್ತಿದ್ದರು. ಯೂರೋಪಾ ಬಾರ್ಬರೋರಮ್‌ನಲ್ಲಿ ಅವರೇ ಇದ್ದಾರೆ. ಜೊತೆಗೆ ಮಚಿಮೋಯ್ ಎನ್ನುವ ಸ್ಥಳೀಯ ಈಜಿಪ್ಟಿನವರ ಈಟಿ ಪಡೆಯೂ ಇದೆ. ಕ್ರಿ.ಪೂ. 217ರ ರಾಫಿಯಾ ಯುದ್ಧಕ್ಕೆ ನಾಲ್ಕನೇ ಟಾಲೆಮಿ 20,000 ಈಜಿಪ್ಟಿನವರಿಗೆ ತರಬೇತಿ ಕೊಡಿಸಿ ಇಳಿಸಿದ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಯುದ್ಧವೇನೋ ಗೆದ್ದ. ಆದರೆ ಆಯುಧ ಹಿಡಿದು ಗೆದ್ದ ಜನ ಆಮೇಲೆ ಅರಸನ ವಿರುದ್ಧವೇ ಎದ್ದರು. ಇದೆಲ್ಲ ತಿಳಿದುಕೊಂಡು ಆ ಪಡೆಯನ್ನು ನೇಮಿಸಿಕೊಳ್ಳುವ ಅನುಭವವೇ ಬೇರೆ. ಇಂದಿನ ಫ್ರಾನ್ಸ್ ಕಡೆಯ ಗಾಲ್ ಜನರ ವಿಷಯದಲ್ಲೂ ಹಾಗೆಯೇ. ಮೂಲ ಆಟದಲ್ಲಿ ಅವರೆಲ್ಲ ಒಂದೇ ಬಣ. ಇಲ್ಲಿ ಎಡುಯಿ ಮತ್ತು ಅರ್ವೆರ್ನಿ ಎಂಬ ಎರಡು ಬಣಗಳು ಒಂದೇ ನೆಲಕ್ಕೆ ಹೊಡೆದಾಡುತ್ತವೆ. ಮೂಲ ಆಟದಲ್ಲಿದ್ದ ತಲೆ ಎಸೆಯುವವರು, ಚೀರುವ ಹೆಂಗಸರು ಎಂಬ ಪಡೆಗಳು ಇಲ್ಲಿ ಇಲ್ಲವೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆಡಳಿತದ ವ್ಯವಸ್ಥೆ. ಮೂಲ ಆಟದಲ್ಲಿ ಯಾವ ಊರು ಗೆದ್ದರೂ ಬ್ಯಾರಕ್ ಕಟ್ಟಿ ನಿಮ್ಮದೇ ಸೈನಿಕರನ್ನು ತಯಾರು ಮಾಡಬಹುದು. ಇಲ್ಲಿ ಹಾಗಿಲ್ಲ. ಊರು ಗೆದ್ದ ಮೇಲೆ ನಾಲ್ಕು ಬಗೆಯ ಆಡಳಿತದಲ್ಲಿ ಒಂದನ್ನು ಆರಿಸಬೇಕು, ಅದರಲ್ಲೂ ಎಲ್ಲ ಬಗೆಯೂ ಎಲ್ಲ ಕಡೆ ಸಿಗುವುದಿಲ್ಲ. ನೇರವಾಗಿ ನಿಮ್ಮ ನಾಡಿಗೆ ಸೇರಿಸಿಕೊಂಡರೆ ನಿಮ್ಮವರೇ ಸೈನಿಕರು. ಸ್ಥಳೀಯ ನಾಯಕನನ್ನೇ ಕೂರಿಸಿ ಮೈತ್ರಿ ಮಾಡಿಕೊಂಡರೆ ಅಲ್ಲಿಯ ಜನರ ಒಳ್ಳೆಯ ಪಡೆಗಳು ಸಿಗುತ್ತವೆ, ನಿಮ್ಮ ಪಡೆಗಳು ಸಿಗುವುದಿಲ್ಲ. ಹಾಗಾಗಿ ತಾಯ್ನೆಲದಿಂದ ದೂರ ಹೋದಷ್ಟೂ ನಿಮ್ಮ ಸೈನ್ಯದ ಮುಖ ಬದಲಾಗುತ್ತದೆ. ರೋಮ್ ಆಗಿ ಆಡುವಾಗ ಸ್ಪೇನ್‌ನಲ್ಲಿ ಸೋತರೆ ಇಟಲಿಯಿಂದ ಜನ ಬರುವ ತನಕ ಅಲ್ಲಿಯವರನ್ನೇ ನಂಬಿಕೊಂಡು ಇರಬೇಕು. ಕಾರ್ಥೇಜ್‌ನ ಸೇನಾಪತಿ ಹ್ಯಾನಿಬಲ್‌ನ ಸೈನ್ಯದಲ್ಲಿ ಅಷ್ಟೊಂದು ಥರದ ಜನ ಯಾಕಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಯುದ್ಧಗಳು ನಿಧಾನ. ಸೈನಿಕರು ಬೇಗ ಸಾಯುವುದಿಲ್ಲ, ಬೇಗ ಓಡುವುದೂ ಇಲ್ಲ. ಇದರಿಂದ ಪಕ್ಕಕ್ಕೆ ಸುತ್ತಿ ಬರಲು ಕುದುರೆ ಸವಾರರಿಗೆ ಸಮಯ ಸಿಗುತ್ತದೆ. ಯೂನಿಟ್‌ಗಳ ಹೆಸರು ಆಯಾ ಜನರ ಭಾಷೆಯಲ್ಲೇ ಇವೆ, ಹಾಗಾಗಿ ಮೊದಮೊದಲು ಯಾವುದು ಯಾವುದೆಂದು ತಿಳಿಯದೆ ಒದ್ದಾಡುತ್ತೀರಿ. ಪ್ರತಿ ಯೂನಿಟ್‌ನ ವಿವರಣೆ ಉದ್ದವಾಗಿದೆ, ಆದರೂ ಓದಿ.

ಇನ್ನು ಕೊರತೆಗಳು. ಕಂಪ್ಯೂಟರ್ ಎದುರಾಳಿಯ ಬುದ್ಧಿ ಹಳೆಯದೇ, ಅದನ್ನು ಈ ತಂಡ ಬದಲಾಯಿಸಲು ಆಗಲಿಲ್ಲ. ಅದಕ್ಕೆ ಬದಲು ಸ್ಕ್ರಿಪ್ಟ್ (ತಾನಾಗಿ ನಡೆಯುವ ಆದೇಶಗಳ ಪಟ್ಟಿ) ಮೂಲಕ ಎದುರಾಳಿಗೆ ದುಡ್ಡು ಕೊಡುತ್ತಾರೆ. ಪರಿಣಾಮ, ನೀವು ಒಂದು ಸೈನ್ಯ ನಾಶ ಮಾಡಿದರೆ ಇನ್ನೊಂದು ಬಂದು ನಿಲ್ಲುತ್ತದೆ. ಸಿರಿಯಾ, ಪರ್ಷಿಯಾ ಕಡೆ ಆಳುತ್ತಿದ್ದ ಸೆಲ್ಯೂಸಿಡ್‌ಗಳ ಜೊತೆ ಗಡಿ ಇದ್ದರೆ ಇದು ನಿಜಕ್ಕೂ ಸುಸ್ತು ಮಾಡಿಸುತ್ತದೆ. ನನ್ನ ಪ್ರಕಾರ ಇಡೀ ಮಾಡ್‌ನ ದೊಡ್ಡ ಕುಂದು ಇದೇ: ನಿಮ್ಮನ್ನು ಅಷ್ಟು ಕಟ್ಟುನಿಟ್ಟಾಗಿ ಕಟ್ಟಿಹಾಕುವ ಬಡತನ ಎದುರಾಳಿಗೆ ಇಲ್ಲ. ಚರಿತ್ರೆಯಲ್ಲೂ ಒಂದು ರಾಜಿ ಇದೆ. ಇಂದಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯಾ ಮೊದಲ ದಿನದಿಂದಲೇ ಬೇರೆ ಬಣ. ನಿಜದಲ್ಲಿ ಅಲ್ಲಿಯ ಅಧಿಪತಿ ಡಯೋಡೋಟಸ್ ಸೆಲ್ಯೂಸಿಡ್‌ಗಳಿಂದ ಬೇರೆಯಾದದ್ದು ಸುಮಾರು ಕ್ರಿ.ಪೂ. 250ರ ಹೊತ್ತಿಗೆ. ಆಟವಾಡಲು ಸಿಗಲಿ ಅಂತ ಮಾಡಿದ್ದನ್ನು ನಾನು ಒಪ್ಪುತ್ತೇನೆ, ನೀವು ಒಪ್ಪದಿರಬಹುದು.

ವರ್ಷಕ್ಕೆ ನಾಲ್ಕು ಟರ್ನ್, ಕ್ಯಾಂಪೇನ್ ನಡೆಯುವುದು ಕ್ರಿ.ಶ. 14ರವರೆಗೆ. ಪೂರ್ತಿ ಮುಗಿಸಬೇಕೆಂಬ ಹಟ ಬೇಡ. ಟರ್ನ್ ಮುಗಿಯಲು ಕಾಯಬೇಕು, ಆಗಾಗ ಕ್ರ್ಯಾಶ್ ಆಗುತ್ತದೆ, ಸೇವ್ ಮಾಡುತ್ತಿರಿ. ಆಟ ಲೋಡ್ ಮಾಡಿದಾಗೆಲ್ಲ ಸಲಹೆಗಾರನ ಚಿತ್ರ ಒತ್ತಿ ಸ್ಕ್ರಿಪ್ಟ್ ಚಾಲೂ ಮಾಡಲೇಬೇಕು, ಮರೆತರೆ ಅರ್ಧ ಮಾಡ್ ಕೆಲಸವೇ ಮಾಡುವುದಿಲ್ಲ. ಇದು ಹಳೆಯ ಆಟಕ್ಕಾಗಿ ಮಾಡಿದ್ದು, 2021ರ ರೀಮಾಸ್ಟರ್ಡ್‌ಗೆ ಅಲ್ಲ. ಆಟದ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಕೊಂಡು, ಆ ಕಾಪಿಗೆ ಹಾಕಿ. ಮೂಲ ಆಟ ಹಾಗೇ ಉಳಿಯುತ್ತದೆ.

ಎಪಿರಸ್ ಕಷ್ಟ ಅನಿಸಿದರೆ ರೋಮ್‌ನಿಂದ ಶುರುಮಾಡಿ. ಮೂಲ ಆಟದ ಹಾಗೆ ಇಲ್ಲಿ ಅದು ಮೂರು ಕುಟುಂಬಗಳಾಗಿ ಒಡೆದಿಲ್ಲ, ಒಂದೇ ರೋಮ್. ಇಟಲಿಯೊಳಗೆ ಊರುಗಳು ಹತ್ತಿರ ಇರುವುದರಿಂದ ಆಡಳಿತದ ಪಾಠ ಸುಲಭವಾಗಿ ಕಲಿಯಬಹುದು. ಕೈ ಪಳಗಿದ ಮೇಲೆ ಬ್ಯಾಕ್ಟ್ರಿಯಾ ಹಿಡಿಯಿರಿ. ಭೂಪಟ ಪೂರ್ವಕ್ಕೆ ತಕ್ಷಶಿಲೆಯವರೆಗೂ ಇದೆ, ಅಲ್ಲಿ ನೆಲೆ ಸಿಕ್ಕಿದರೆ ಭಾರತದ ಬಿಲ್ಲುಗಾರರೂ ಆನೆಗಳೂ ಗ್ರೀಕ್ ಈಟಿಯವರ ಪಕ್ಕದಲ್ಲಿ ನಿಲ್ಲುತ್ತಾರೆ.