ಮೀನುಗಾರಿಕೆ ವಿಜ್ಞಾನದ ಪದಗಳು ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ?

ಸ್ಟಾಕ್, ರಿಕ್ರೂಟ್‌ಮೆಂಟ್, ಸಿಪಿಯುಇ, ಎಂಎಸ್‌ವೈ ಎಲ್ಲ ಕಲಸುಮೇಲೋಗರ ಆಗಿದೆ, ಬಾಯಿಪಾಠ ಮಾಡದೆ ಕಲಿಯೋದು ಹೇಗೆ ಅಂತ ಕೇಳಿದ್ದೀರಿ. ಓದುವಾಗ ನಾನೂ ಇದೇ ಪಾಡು ಪಟ್ಟವನು. ಆಮೇಲೆ ಒಂದು ಉಪಾಯ ಹೊಳೆಯಿತು. ಯಾವ ಪದ ಬಂದರೂ, ಇದು ಮೀನಿನ ಮಾತೋ ಬಲೆಯ ಮಾತೋ ಅಂತ ಮೊದಲು ಕೇಳಿಕೊಳ್ಳುವುದು.

ರಿಕ್ರೂಟ್‌ಮೆಂಟ್ ಅಂದರೆ ಮರಿ ಹುಟ್ಟೋದು ಅಂತ ಬಹಳ ಜನ ಬರೆಯುತ್ತಾರೆ. ಅಲ್ಲ. ಕಾಡ್ (cod) ಅನ್ನುವ ಕಡಲ ಮೀನು ದೊಡ್ಡದಾದರೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಅದರಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಅವು ಬೆಳೆದು ಬಲೆಗೆ ಸಿಗುವ ಗಾತ್ರಕ್ಕೆ ಬಂದಾಗ ರಿಕ್ರೂಟ್ ಆದವು ಅನ್ನುತ್ತೇವೆ. ಬಲೆಯ ಕಣ್ಣು ದೊಡ್ಡದು ಮಾಡಿ ನೋಡಿ, ಅದೇ ಮೀನು ತಡವಾಗಿ ರಿಕ್ರೂಟ್ ಆಗುತ್ತದೆ. ಅರ್ಧ ಮೀನಿನ ಮಾತು, ಅರ್ಧ ಬಲೆಯದು.

ವಯಸ್ಸು ಮಾತ್ರ ಪೂರ್ತಿ ಮೀನಿನದೇ. ತಲೆಬುರುಡೆ ಸೀಳಿದರೆ ಮಿದುಳಿನ ಕೆಳಗೆ, ಸ್ವಲ್ಪ ಹಿಂದಕ್ಕೆ, ಓಟೋಲಿತ್ ಅಂದರೆ ಕಿವಿಕಲ್ಲುಗಳು ಸಿಗುತ್ತವೆ. ಒಟ್ಟು ಮೂರು ಜೊತೆ. ಬಹಳಷ್ಟು ಜಾತಿಗಳಲ್ಲಿ ಸ್ಯಾಜಿಟಾ ಅನ್ನುವ ಜೊತೆಯೇ ದೊಡ್ಡದು, ಚಿಮುಟದಲ್ಲಿ ಹಿಡಿದು ಎತ್ತಬಹುದು. ಕಪ್ಪು ತಟ್ಟೆಯಲ್ಲಿಟ್ಟು ಮೇಲಿಂದ ಬೆಳಕು ಬಿಟ್ಟರೆ ಬಿಳಿ ಪಟ್ಟಿ, ಕಪ್ಪು ಪಟ್ಟಿ ಸುತ್ತಿಕೊಂಡಿರುತ್ತವೆ. ಮೀನು ಜೋರಾಗಿ ಬೆಳೆದ ಕಾಲಕ್ಕೆ ಒಂದು, ನಿಧಾನವಾದ ಕಾಲಕ್ಕೆ ಇನ್ನೊಂದು. ಋತುಮಾನದ ವ್ಯತ್ಯಾಸ ಚೆನ್ನಾಗಿರುವ ನೀರಲ್ಲಿ ಎರಡೂ ಸೇರಿ ಒಂದು ವರ್ಷ. ನಾನು ಮೊದಲ ಸಲ ಏಳು ಎಣಿಸಿದೆ, ನಮ್ಮ ಮೇಷ್ಟ್ರು ಐದು ಅಂದರು. ನಾನು ಸೇರಿಸಿದ್ದ ಎರಡು ಸುಳ್ಳು ಉಂಗುರಗಳು. ಹೊಟ್ಟೆಗಿಲ್ಲದೆ ಸೊರಗಿದಾಗಲೂ ಗೆರೆ ಬೀಳುತ್ತದೆ, ಆದರೆ ಹೆಚ್ಚಾಗಿ ಪೂರ್ತಿ ಸುತ್ತು ಬರುವುದಿಲ್ಲ. ಅದನ್ನು ನೋಡಿಯೇ ಎಣಿಸಬೇಕಿತ್ತು.

ಸಿಪಿಯುಇ, ಅಂದರೆ ಕ್ಯಾಚ್ ಪರ್ ಯೂನಿಟ್ ಎಫರ್ಟ್, ಅಪ್ಪಟ ಬಲೆಯ ಮಾತು. ಸಿಕ್ಕ ಮೀನನ್ನು ಪಟ್ಟ ಶ್ರಮದಿಂದ ಭಾಗಿಸಿದರೆ ಮುಗಿಯಿತು. ಹತ್ತು ದೋಣಿ ಒಂದು ದಿನ ದುಡಿದು 500 ಕಿಲೋ ತಂದರೆ, ದೋಣಿಗೆ ದಿನಕ್ಕೆ 50 ಕಿಲೋ. ಇದು ಇಳಿದರೆ ನೀರಲ್ಲಿ ಮೀನು ಕಮ್ಮಿಯಾಗಿದೆ ಅಂತ ಊಹಿಸುತ್ತೇವೆ. ಇಳಿಯದಿದ್ದರೆ? ಮೀನು ಇದೆ ಅಂತಲ್ಲ! ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಆದದ್ದು ಅದೇ. ಉಳಿದ ಕಾಡ್ ಮೀನುಗಳು ಒಂದೇ ಕಡೆ ಗುಂಪುಗೂಡಿದವು, ಟ್ರಾಲರ್‌ಗಳಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು. ಬಲೆ ತುಂಬುತ್ತಲೇ ಇತ್ತು, ಕಡಲು ಖಾಲಿಯಾಗುತ್ತಲೇ ಇತ್ತು. 1992ರ ಜುಲೈನಲ್ಲಿ ಅಲ್ಲಿ ಕಾಡ್ ಹಿಡಿಯೋದನ್ನೇ ನಿಲ್ಲಿಸಬೇಕಾಯಿತು. ಈ ಮೋಸಕ್ಕೆ ಹೈಪರ್‌ಸ್ಟೆಬಿಲಿಟಿ ಅಂತ ಹೆಸರು. ಪರೀಕ್ಷೆಯಲ್ಲಿ ಕೇಳದಿದ್ದರೂ ಓದಿಕೊಳ್ಳಿ.

ಸ್ಟಾಕ್ ಸುಲಭ. ಒಂದೇ ಜಾತಿಯಾದರೂ ಬೇರೆ ಜಾಗದಲ್ಲಿ ಮೊಟ್ಟೆ ಇಟ್ಟು, ಹೆಚ್ಚು ಬೆರೆಯದೆ ಇರುವ ಗುಂಪುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೇವೆ, ಅಷ್ಟೇ.

ಎಂಎಸ್‌ವೈಗೆ, ಅಂದರೆ ಮ್ಯಾಕ್ಸಿಮಮ್ ಸಸ್ಟೈನಬಲ್ ಯೀಲ್ಡ್‌ಗೆ ಬರೋಣ. ನೀರು ತುಂಬ ಮೀನಿದ್ದರೆ ಮೇವು ಸಾಲದು, ಬೆಳವಣಿಗೆ ನಿಲ್ಲುತ್ತದೆ. ತೀರಾ ಕಮ್ಮಿಯಿದ್ದರೆ ತಾಯಿಮೀನೇ ಇರಲ್ಲ. ನಡುವೆ ಎಲ್ಲೋ ಒಂದು ಕಡೆ ಹೆಚ್ಚಳ ಅತಿ ಜಾಸ್ತಿ. ಆ ಹೆಚ್ಚಳವನ್ನಷ್ಟೇ ವರ್ಷವರ್ಷ ತೆಗೆಯಬಹುದು ಅನ್ನುವುದು ವಾದ. ಶೇಫರ್ ಅನ್ನುವ ವಿಜ್ಞಾನಿಯ 1954ರ ಮಾದರಿಯಲ್ಲಿ ಆ ಜಾಗ, ನೀರು ಹಿಡಿಸುವಷ್ಟು ಮೀನಿನ ಸರಿಯಾಗಿ ಅರ್ಧದಲ್ಲಿದೆ. ಕಾಗದದ ಮೇಲೆ ಚೆಂದ. ಆದರೆ ಆ ಲೆಕ್ಕಕ್ಕೆ ಹೆಚ್ಚಾಗಿ ಹಾಕುವುದು ಮತ್ತದೇ ಸಿಪಿಯುಇಯನ್ನು, ಅಲ್ವಾ?

ಓವರ್‌ಫಿಶಿಂಗ್, ಅಂದರೆ ಅತಿಯಾಗಿ ಹಿಡಿಯುವುದು, ಅದರಲ್ಲೂ ಎರಡು ಬಗೆ. ಬೆಳೆಯಲು ಬಿಡದೆ ಸಣ್ಣದರಲ್ಲೇ ಹಿಡಿದರೆ ಗ್ರೋತ್ ಓವರ್‌ಫಿಶಿಂಗ್. ಮೊಟ್ಟೆ ಇಡುವ ಮೀನೇ ಸಾಲದಷ್ಟು ಹಿಡಿದರೆ ರಿಕ್ರೂಟ್‌ಮೆಂಟ್ ಓವರ್‌ಫಿಶಿಂಗ್. ಎರಡನೆಯದು ಹೆಚ್ಚು ಅಪಾಯ.

ಇನ್ನೊಂದು, ಉದ್ದ ಅಳೆದರೆ ಯಾವ ಉದ್ದ ಅಂತ ಪಕ್ಕದಲ್ಲೇ ಬರೆದಿಡಿ. ಬಾಲದ ತುದಿವರೆಗೆ ಟೋಟಲ್, ಬಾಲದ ಕವಲಿನವರೆಗೆ ಫೋರ್ಕ್, ಬಾಲದ ರೆಕ್ಕೆಯ ಬುಡದವರೆಗೆ ಸ್ಟ್ಯಾಂಡರ್ಡ್. ನಾನೊಮ್ಮೆ ಅರ್ಧ ಹಾಳೆ ಟೋಟಲ್, ಇನ್ನರ್ಧ ಫೋರ್ಕ್ ತುಂಬಿಸಿದ್ದೆ. ಗ್ರಾಫ್ ಹಾಕಿದರೆ ನನ್ನ ಮೀನುಗಳು ವಯಸ್ಸಾದಂತೆ ಗಿಡ್ಡ ಆಗುತ್ತಿದ್ದವು.